ಎಂಟು ಗಂಟೆ ಎಂಬ ಅಳತೆಗೋಲು

ಮ್ಯಾಥ್ಯೂ ವಾಕರ್ ಅವರ ‘ವೈ ವಿ ಸ್ಲೀಪ್’: ಒಂದು ವಿಮರ್ಶೆ

ನಿದ್ರೆಯನ್ನು ಕುರಿತು ಸಾಮಾನ್ಯ ಓದುಗರಿಗಾಗಿ ಬರೆದ ಪುಸ್ತಕಗಳ ಪೈಕಿ ಇತ್ತೀಚಿನ ವರ್ಷಗಳಲ್ಲಿ ತುಂಬ ಹೆಸರು ಮಾಡಿದ್ದು, ಅಷ್ಟೇ ವಿವಾದಕ್ಕೂ ಒಳಗಾದದ್ದು ಮ್ಯಾಥ್ಯೂ ವಾಕರ್ ಅವರ ‘ವೈ ವಿ ಸ್ಲೀಪ್’. ಈ ಇಂಗ್ಲಿಷ್ ಪುಸ್ತಕ ಪ್ರಕಟವಾದದ್ದು 2017ರಲ್ಲಿ. ಆಗ ಲೇಖಕರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣದಲ್ಲಿ ನರವಿಜ್ಞಾನ ಮತ್ತು ಮನೋವಿಜ್ಞಾನದ ಪ್ರಾಧ್ಯಾಪಕರಾಗಿದ್ದರು. ನಿದ್ರೆ ಅವರ ಸ್ವಂತ ಸಂಶೋಧನೆಯ ವಿಷಯ. ಆದ್ದರಿಂದ ಪುಸ್ತಕದ ಮಾತಿಗೆ ತೂಕ ಬಂದದ್ದು ಸಹಜ. ಪತ್ರಿಕೆಗಳ ಆರೋಗ್ಯ ಪುಟಗಳಲ್ಲಿ, ಕಚೇರಿಗಳ ತರಬೇತಿ ಶಿಬಿರಗಳಲ್ಲಿ, ಬೆಳಗಿನ ವಾಯುವಿಹಾರದ ಹರಟೆಯಲ್ಲಿ ಇಂದು ಕೇಳಿಬರುವ ‘ದಿನಕ್ಕೆ ಎಂಟು ಗಂಟೆ ನಿದ್ರೆ ಮಾಡದವರ ಆಯುಷ್ಯ ಕಡಿಮೆ’ ಎಂಬ ಮಾತು ಗಟ್ಟಿಯಾಗಲು ಈ ಪುಸ್ತಕವೂ ಒಂದು ಕಾರಣ.

ಈ ಲೇಖಕ ವೈದ್ಯನಲ್ಲ, ಭೌತವಿಜ್ಞಾನದ ಅಧ್ಯಾಪಕ. ಆದರೂ ಈ ಪುಸ್ತಕದ ಬಗ್ಗೆ ಬರೆಯಲು ಎರಡು ಕಾರಣಗಳಿವೆ. ಮೊದಲನೆಯದಾಗಿ, ಪುಸ್ತಕದ ಮುಖ್ಯ ವಾದವೆಲ್ಲ ನಿಂತಿರುವುದು ಒಂದು ಅಳತೆಯ ಮೇಲೆ, ಅಂದರೆ ಗಂಟೆಗಳ ಲೆಕ್ಕದ ಮೇಲೆ. ಅಳತೆಯನ್ನು ಪರೀಕ್ಷಿಸುವುದು ಭೌತವಿಜ್ಞಾನದವರಿಗೆ ದಿನನಿತ್ಯದ ಕೆಲಸ. ಎರಡನೆಯದಾಗಿ, ಐವತ್ತು ದಾಟಿದ ಮೇಲೆ ನಿದ್ದೆ ಕೆಟ್ಟವರಲ್ಲಿ ನಾನೂ ಒಬ್ಬ. ಇಂಥ ಪುಸ್ತಕವನ್ನು ಕೈಗೆತ್ತಿಕೊಳ್ಳುವವರಲ್ಲಿ ಸುಖವಾಗಿ ನಿದ್ರಿಸುವವರಿಗಿಂತ ನಿದ್ರೆ ಬಾರದವರೇ ಹೆಚ್ಚಿರುತ್ತಾರೆ ಎಂದು ಊಹಿಸುವುದು ತಪ್ಪಾಗಲಾರದು. ಅವರಿಗೆ ಈ ಪುಸ್ತಕ ಏನು ಕೊಡುತ್ತದೆ ಎಂಬುದೇ ಇಲ್ಲಿ ಮುಖ್ಯ ಪ್ರಶ್ನೆ.

ಪುಸ್ತಕದ ಹೆಚ್ಚುಗಾರಿಕೆ

ಪುಸ್ತಕದಲ್ಲಿ ನಾಲ್ಕು ಭಾಗಗಳು, ಒಟ್ಟು 16 ಅಧ್ಯಾಯಗಳಿವೆ. ನಿದ್ರೆ ಎಂದರೇನು, ನಿದ್ರೆ ಏಕೆ ಬೇಕು, ಕನಸು ಹೇಗೆ ಮತ್ತು ಏಕೆ, ಸಮಾಜ ತನ್ನ ನಿದ್ರೆಯನ್ನು ಹೇಗೆ ಕೆಡಿಸಿಕೊಂಡಿದೆ ಎಂಬ ಕ್ರಮದಲ್ಲಿ ವಿಷಯ ಸಾಗುತ್ತದೆ. ಮೊದಲ ಭಾಗ ನಿಜಕ್ಕೂ ಚೆನ್ನಾಗಿದೆ. ನಮಗೆ ಯಾವಾಗ ನಿದ್ರೆ ಬರಬೇಕು ಎಂಬುದನ್ನು ನಿರ್ಧರಿಸುವ ಎರಡು ವ್ಯವಸ್ಥೆಗಳನ್ನು ಲೇಖಕರು ಎರಡನೆಯ ಅಧ್ಯಾಯದಲ್ಲಿ ತಿಳಿಯಾಗಿ ವಿವರಿಸುತ್ತಾರೆ. ಒಂದು, ಸುಮಾರು 24 ಗಂಟೆಗಳ ಆವರ್ತವುಳ್ಳ ಜೈವಿಕ ಗಡಿಯಾರ. ಇನ್ನೊಂದು, ಎಚ್ಚರವಾಗಿದ್ದಷ್ಟು ಹೊತ್ತೂ ಏರುತ್ತ ಹೋಗುವ ನಿದ್ರೆಯ ಒತ್ತಡ. ಎಚ್ಚರವಿರುವಾಗ ಮಿದುಳಿನಲ್ಲಿ ಅಡಿನೋಸಿನ್ ಎಂಬ ರಾಸಾಯನಿಕ ಸಂಗ್ರಹವಾಗುತ್ತದೆ. ಕಾಫಿಯಲ್ಲಿರುವ ಕೆಫೀನ್ ಈ ಅಡಿನೋಸಿನ್ ಕೂರಬೇಕಾದ ಜಾಗವನ್ನು ತಾನು ಆಕ್ರಮಿಸಿ, ಒತ್ತಡ ನಮ್ಮ ಅರಿವಿಗೆ ಬಾರದಂತೆ ಮಾಡುತ್ತದೆ. ರಕ್ತದಲ್ಲಿ ಕೆಫೀನಿನ ಅರ್ಧಾಯು ಸುಮಾರು ಐದು ಗಂಟೆ ಎಂದಿಟ್ಟುಕೊಂಡರೆ, ಸಂಜೆ ಐದಕ್ಕೆ ಕುಡಿದ ಫಿಲ್ಟರ್ ಕಾಫಿಯ ಅರ್ಧ ಭಾಗ ರಾತ್ರಿ ಹತ್ತಕ್ಕೂ ಉಳಿದಿರುತ್ತದೆ. ಇದು ವಿಕಿರಣಪಟು ಧಾತುಗಳ ಕ್ಷಯಕ್ಕೆ ನಾವು ಬಳಸುವ ಲೆಕ್ಕವೇ.

ಕಲಿತದ್ದನ್ನು ನೆನಪಿನಲ್ಲಿ ಭದ್ರಪಡಿಸುವಲ್ಲಿ ನಿದ್ರೆಯ ಪಾತ್ರ, ಹದಿಹರೆಯದವರ ಜೈವಿಕ ಗಡಿಯಾರ ತಡವಾಗಿ ಓಡುವುದು, ಅಮೆರಿಕದ ಶಾಲೆಗಳು ತೀರ ಮುಂಜಾನೆ ಆರಂಭವಾಗುವುದರ ತೊಂದರೆ, ನಿದ್ದೆಗಣ್ಣಿನಲ್ಲಿ ವಾಹನ ಓಡಿಸುವುದರ ಅಪಾಯ ಇವೆಲ್ಲ ಪುಸ್ತಕದಲ್ಲಿ ಪರಿಣಾಮಕಾರಿಯಾಗಿ ಬಂದಿವೆ. ಪಿಯುಸಿ ಮಕ್ಕಳನ್ನು ಬೆಳಗಿನ ಜಾವಕ್ಕೇ ಎಬ್ಬಿಸಿ ಟ್ಯೂಷನ್ನಿಗೆ ಅಟ್ಟುವ ನಮ್ಮ ತಂದೆತಾಯಿಗಳು ಈ ಪುಟಗಳನ್ನು ಓದಿದರೆ ಒಳ್ಳೆಯದು. ನಿದ್ರೆಗೆಡುವುದೇ ಶ್ರಮಜೀವಿಯ ಲಕ್ಷಣ ಎಂಬ ಭ್ರಮೆಯನ್ನು ಕಳೆಯಲು ಒಬ್ಬ ವಿಜ್ಞಾನಿ ಇಷ್ಟು ಗಟ್ಟಿಯಾಗಿ ಮಾತನಾಡಿದ್ದು ಬೇಕಾಗಿತ್ತು. ಇಷ್ಟನ್ನು ಒಪ್ಪಿಕೊಂಡೇ ಮುಂದಿನ ಆಕ್ಷೇಪಗಳನ್ನು ಹೇಳಬೇಕು.

ಯಾವ ಮಾಪಕದ ಎಂಟು ಗಂಟೆ?

ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿ ಒಂದು ಅಳತೆಯನ್ನು ಬರೆದು ತಂದಾಗ ನಾವು ಕೇಳುವ ಮೊದಲ ಪ್ರಶ್ನೆ, ‘ಯಾವ ಉಪಕರಣದಿಂದ ಅಳೆದೆ?’ ಎಂಬುದು. ನಿದ್ರೆಯ ಅವಧಿಯನ್ನು ಅಳೆಯಲು ಮುಖ್ಯವಾಗಿ ಮೂರು ಮಾಪಕಗಳಿವೆ. ಮೊದಲನೆಯದು ಪ್ರಶ್ನಾವಳಿ: ‘ನೀವು ದಿನಕ್ಕೆ ಎಷ್ಟು ಗಂಟೆ ನಿದ್ರಿಸುತ್ತೀರಿ?’ ಎಂದು ಕೇಳಿ ಉತ್ತರ ಬರೆದುಕೊಳ್ಳುವುದು. ಎರಡನೆಯದು ಮಣಿಕಟ್ಟಿಗೆ ಕಟ್ಟುವ ಚಲನಮಾಪಕ: ಕೈ ಅಲುಗಾಡದ ಹೊತ್ತನ್ನು ಅದು ನಿದ್ರೆ ಎಂದು ಎಣಿಸುತ್ತದೆ. ಮೂರನೆಯದು ತಲೆಗೆ ವಿದ್ಯುದಗ್ರಗಳನ್ನು ಅಂಟಿಸಿ ಮಿದುಳಿನ ತರಂಗಗಳನ್ನು ದಾಖಲಿಸುವ ಪ್ರಯೋಗಶಾಲೆಯ ವಿಧಾನ. ಈ ಮೂರೂ ಒಂದೇ ಉತ್ತರ ಕೊಡುವುದಿಲ್ಲ.

2008ರಲ್ಲಿ ಡಯೇನ್ ಲಾಡರ್‌ಡೇಲ್ ಮತ್ತು ಸಂಗಡಿಗರು ಅಮೆರಿಕದ 669 ಮಂದಿಯ ನಿದ್ರೆಯನ್ನು ಮೊದಲ ಎರಡು ಮಾಪಕಗಳಿಂದ ಅಳೆದು ಹೋಲಿಸಿದರು. ಜನ ತಾವಾಗಿ ಹೇಳಿದ ಅವಧಿಯ ಸರಾಸರಿ 6.8 ಗಂಟೆ, ಚಲನಮಾಪಕ ತೋರಿಸಿದ್ದು ಸುಮಾರು 6 ಗಂಟೆ. ಅಂದರೆ ಸರಾಸರಿ 48 ನಿಮಿಷಗಳ ವ್ಯತ್ಯಾಸ. ದೀರ್ಘಕಾಲದ ನಿದ್ರಾಹೀನತೆಯಿಂದ ಬಳಲುವವರಲ್ಲಿ ಅನೇಕರ ವಿಷಯದಲ್ಲಿ ಇದು ತಿರುಗುಮುರುಗಾಗುತ್ತದೆ. ಅವರು ತಮ್ಮ ನಿದ್ರೆಯನ್ನು ಇದ್ದುದಕ್ಕಿಂತ ಕಡಿಮೆ ಎಂದು ಅಂದಾಜು ಮಾಡುತ್ತಾರೆ.

ಇದರ ಪರಿಣಾಮವೇನು? ಆಯುಷ್ಯ ಮತ್ತು ಕಾಯಿಲೆಗಳಿಗೆ ಸಂಬಂಧಿಸಿದ ದೊಡ್ಡ ದೊಡ್ಡ ಸಮೀಕ್ಷೆಗಳಲ್ಲಿ ಬಹುಪಾಲು ನಡೆದಿರುವುದು ಪ್ರಶ್ನಾವಳಿಯ ಮೂಲಕ. ಅಲ್ಲಿನ ‘ಏಳು ಗಂಟೆ’ ಎಂದರೆ ಜನ ಏಳು ಎಂದು ಹೇಳಿದ ನಿದ್ರೆ, ಅಳೆದ ಏಳು ಗಂಟೆಯಲ್ಲ. ಆ ಸಂಖ್ಯೆಯನ್ನು ಹಿಡಿದುಕೊಂಡು ಇಂದಿನ ಓದುಗ ತನ್ನ ಕೈಪಟ್ಟಿ ತೋರಿಸುವ ಸಂಖ್ಯೆಯ ಜೊತೆ ಹೋಲಿಸಿದರೆ, ಒಂದು ಉಷ್ಣತಾಮಾಪಕದ ಫ್ಯಾರನ್‌ಹೀಟ್ ಅಂಕಿಯನ್ನು ಇನ್ನೊಂದರ ಸೆಲ್ಸಿಯಸ್ ಅಂಕಿಗೆ ಹೋಲಿಸಿ ಗಾಬರಿಗೊಂಡಂತೆ ಆಗುತ್ತದೆ. ಜೊತೆಗೆ, ನಿದ್ರೆಗೆಂದು ಹಾಸಿಗೆಯಲ್ಲಿ ಕಳೆದ ಹೊತ್ತು ಬೇರೆ, ನಿದ್ರಿಸಿದ ಹೊತ್ತು ಬೇರೆ. ಈ ಭೇದವನ್ನು ವಾಕರ್ ಬಲ್ಲರು. ಕೆಲವೆಡೆ ಸ್ಪಷ್ಟವಾಗಿ ಹೇಳುತ್ತಾರೆ ಕೂಡ. ಆದರೆ ವಾದದ ಬಿರುಸಿನಲ್ಲಿ ‘ಎಂಟು ಗಂಟೆ’ ಎಂಬುದು ಒಮ್ಮೆ ಹಾಸಿಗೆಯ ಹೊತ್ತಾಗಿ, ಇನ್ನೊಮ್ಮೆ ನಿದ್ರೆಯ ಹೊತ್ತಾಗಿ ಕಾಣಿಸಿಕೊಳ್ಳುತ್ತದೆ. ಅಮೆರಿಕದ ನಿದ್ರಾ ವೈದ್ಯರ ಹಾಗೂ ನಿದ್ರಾ ಸಂಶೋಧಕರ ಸಂಘಗಳು 2015ರಲ್ಲಿ ಕೂಡಿ ನೀಡಿದ ಹೇಳಿಕೆಯಲ್ಲಿ ವಯಸ್ಕರಿಗೆ ‘ಏಳು ಅಥವಾ ಹೆಚ್ಚು’ ಎಂದಿದೆಯೇ ಹೊರತು ಎಂಟು ಎಂದಿಲ್ಲ.

ಅಂಚು ಕತ್ತರಿಸಿದ ನಕ್ಷೆ

ಪುಸ್ತಕ ಬಂದು ಎರಡು ವರ್ಷಗಳ ಬಳಿಕ, 2019ರ ನವೆಂಬರ್‌ನಲ್ಲಿ, ಅಲೆಕ್ಸೀ ಗುಜೆ ಎಂಬವರು ಮೊದಲ ಅಧ್ಯಾಯದ ಹೇಳಿಕೆಗಳನ್ನು ಒಂದೊಂದಾಗಿ ಮೂಲ ಪ್ರಬಂಧಗಳೊಂದಿಗೆ ಹೋಲಿಸಿ ದೀರ್ಘವಾದ ಆಕ್ಷೇಪಣೆಯನ್ನು ಪ್ರಕಟಿಸಿದರು. ವಾಕರ್ ಅದೇ ಡಿಸೆಂಬರ್‌ನಲ್ಲಿ ಉತ್ತರ ಬರೆದು ಕೆಲವು ತಿದ್ದುಪಡಿಗಳನ್ನು ಒಪ್ಪಿದರು. ಗುಜೆ ಅವರ ಎಲ್ಲ ಆಕ್ಷೇಪಗಳೂ ಸಮಾನ ತೂಕದವಲ್ಲ. ಆದರೆ ಕೆಲವನ್ನು ಗಮನಿಸಲೇಬೇಕು.

ಒಂದು: ನಿದ್ರಾಭಾವವನ್ನು ಸಾಂಕ್ರಾಮಿಕ ಪಿಡುಗು ಎಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿದೆ ಎಂದು ಪುಸ್ತಕ ಹೇಳಿತು. ಅಂಥ ಮಾತನ್ನು ಬಳಸಿದ್ದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ. ಅದೂ ಮುಂದೆ ‘ಪಿಡುಗು’ ಎಂಬುದನ್ನು ಕೈಬಿಟ್ಟು ‘ಸಮಸ್ಯೆ’ ಎಂದಷ್ಟೇ ಬರೆಯಿತು.

ಎರಡು: ಆರೇಳು ಗಂಟೆಗಿಂತ ಕಡಿಮೆ ನಿದ್ರಿಸುವುದು ರೂಢಿಯಾದರೆ ಕ್ಯಾನ್ಸರಿನ ಸಂಭವ ಎರಡು ಪಟ್ಟಿಗೂ ಮೀರಿ ಹೆಚ್ಚುತ್ತದೆ ಎಂಬ ಹೇಳಿಕೆ. ಸುಮಾರು ಹದಿನೈದು ಲಕ್ಷ ಜನರನ್ನು ಒಳಗೊಂಡ ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಒಟ್ಟಾರೆಯಾಗಿ ಇಂಥ ಸಂಬಂಧ ಕಂಡುಬರಲಿಲ್ಲ. ಏಷ್ಯದವರ ಉಪಗುಂಪಿನಲ್ಲಿ ಏರಿಕೆ ಕಂಡಿತಾದರೂ ಅದು ಎರಡು ಪಟ್ಟಿನ ಹತ್ತಿರಕ್ಕೂ ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2007ರಲ್ಲಿ ಕ್ಯಾನ್ಸರ್‌ಕಾರಕವಾಗಿರಬಹುದಾದದ್ದು ಎಂದು ವರ್ಗೀಕರಿಸಿದ್ದು ಜೈವಿಕ ಗಡಿಯಾರವನ್ನು ಕದಡುವ ರಾತ್ರಿ ಪಾಳಿಯ ದುಡಿಮೆಯನ್ನು. ತನ್ನ ಮನೆಯಲ್ಲಿ ಆರು ಗಂಟೆ ಮಲಗುವ ಗೃಹಸ್ಥನಿಗೆ ಅದು ನೇರವಾಗಿ ಅನ್ವಯಿಸದು.

ಮೂರನೆಯದು ಒಂದು ನಕ್ಷೆ. ಕ್ರೀಡೆಯಲ್ಲಿ ತೊಡಗಿದ 112 ಹದಿಹರೆಯದ ವಿದ್ಯಾರ್ಥಿಗಳ ನಿದ್ರೆಗೂ ಗಾಯಗಳಿಗೂ ಇರುವ ಸಂಬಂಧವನ್ನು 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತ್ತು. ವಾಕರ್ ತಮ್ಮ ಪುಸ್ತಕದಲ್ಲಿ ಅದರ ಸ್ತಂಭನಕ್ಷೆಯನ್ನು ಕೊಟ್ಟಿದ್ದಾರೆ. ಆರು, ಏಳು, ಎಂಟು, ಒಂಬತ್ತು ಗಂಟೆಗಳ ಸ್ತಂಭಗಳು ಮೆಟ್ಟಿಲಿನಂತೆ ಇಳಿಯುತ್ತವೆ; ನಿದ್ರೆ ಹೆಚ್ಚಿದಷ್ಟೂ ಗಾಯ ಕಡಿಮೆ. ಮೂಲ ನಕ್ಷೆಯಲ್ಲಿ ಐದು ಗಂಟೆಯ ಸ್ತಂಭವೂ ಇತ್ತು. ಅದು ಆರರ ಸ್ತಂಭಕ್ಕಿಂತ ಕುಳ್ಳಾಗಿತ್ತು. ಪುಸ್ತಕದ ನಕ್ಷೆಯಲ್ಲಿ ಅದು ಕಾಣೆಯಾಗಿದೆ. ಕೊಲಂಬಿಯಾ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರಜ್ಞ ಆಂಡ್ರೂ ಗೆಲ್ಮನ್ ಇದನ್ನು ಎತ್ತಿ ತೋರಿಸಿ ಕಟುವಾಗಿಯೇ ಟೀಕಿಸಿದರು. ಬಹುಶಃ ಐದು ಗಂಟೆ ನಿದ್ರಿಸುವ ವಿದ್ಯಾರ್ಥಿಗಳು ಅಲ್ಲಿ ಕೆಲವರೇ ಇದ್ದರು, ಆ ಸ್ತಂಭಕ್ಕೆ ಅರ್ಥವಿರಲಿಲ್ಲ. ಹಾಗಿದ್ದರೆ ಅದನ್ನು ಬರೆದು ತಿಳಿಸಬೇಕಿತ್ತು. ಬಿ.ಎಸ್ಸಿ. ವಿದ್ಯಾರ್ಥಿ ತನ್ನ ರೆಕಾರ್ಡ್ ಪುಸ್ತಕದಲ್ಲಿ ಸರಳರೇಖೆಗೆ ಹೊಂದದ ಒಂದು ಬಿಂದುವನ್ನು ರಬ್ಬರಿನಿಂದ ಅಳಿಸಿದರೆ ನಾವು ಸಹಿ ಮಾಡುವುದಿಲ್ಲ. ಪ್ರಾಧ್ಯಾಪಕರಿಗೆ ಬೇರೆ ನಿಯಮವಿಲ್ಲ.

ಆಯುಷ್ಯದ ಪ್ರಶ್ನೆಯಲ್ಲೂ ಹೀಗೆಯೇ. ನಿದ್ರೆ ಕಡಿಮೆಯಾದಷ್ಟೂ ಬಾಳು ಕಿರಿದಾಗುತ್ತದೆ ಎಂಬ ಸೂತ್ರ ಪುಸ್ತಕದ ಆರಂಭದಲ್ಲೇ ಬರುತ್ತದೆ. ಡೇನಿಯಲ್ ಕ್ರಿಪ್ಕೆ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ 11 ಲಕ್ಷ ಜನರ ಮಾಹಿತಿಯಿತ್ತು. ಅಲ್ಲಿ ಮರಣದ ಪ್ರಮಾಣ ಅತಿ ಕಡಿಮೆ ಇದ್ದದ್ದು ಏಳು ಗಂಟೆ ಎಂದು ಹೇಳಿದವರಲ್ಲಿ. ಆರು ಮತ್ತು ಕಡಿಮೆ ಎಂದವರಲ್ಲೂ, ಎಂಟು ಮತ್ತು ಹೆಚ್ಚು ಎಂದವರಲ್ಲೂ ಅದು ಏರುತ್ತಿತ್ತು. ಅಂದರೆ ರೇಖೆ ಇಳಿಜಾರಲ್ಲ, ಬೋಗುಣಿಯ ಆಕಾರದ್ದು. ಬೋಗುಣಿಯ ಬಲ ಅಂಚಿಗೆ ವಾಕರ್ ನೀಡುವ ವಿವರಣೆ ಸರಿಯಾಗಿಯೇ ಇದೆ: ಕಾಯಿಲೆಯಿರುವವರು ಹೆಚ್ಚು ಮಲಗುತ್ತಾರೆ, ಆದ್ದರಿಂದ ಹೆಚ್ಚು ನಿದ್ರೆಯೇ ಸಾವಿಗೆ ಕಾರಣವೆನ್ನಲಾಗದು. ಹಾಗಾದರೆ ಕಾಯಿಲೆ, ನೋವು, ಬಡತನ, ಚಿಂತೆಗಳಿಂದ ನಿದ್ರೆ ಕಡಿಮೆಯಾಗಿರುವವರೂ ಎಡ ಅಂಚಿನಲ್ಲಿ ಇರಬಹುದಲ್ಲವೆ? ಸಹಸಂಬಂಧ ಬೇರೆ, ಕಾರ್ಯಕಾರಣ ಸಂಬಂಧ ಬೇರೆ ಎಂಬ ಪಾಠವನ್ನು ಒಂದು ಅಂಚಿಗೆ ಮಾತ್ರ ಅನ್ವಯಿಸುವುದು ನ್ಯಾಯವಲ್ಲ. ಅದೇ ಪ್ರಬಂಧದ ಇನ್ನೊಂದು ಫಲಿತಾಂಶ ನಿದ್ರೆ ಬಾರದವರಿಗೆ ತುಂಬ ಮುಖ್ಯವಾದದ್ದು: ತಮಗೆ ನಿದ್ರಾಹೀನತೆ ಇದೆ ಎಂದು ಹೇಳಿಕೊಂಡವರಲ್ಲಿ ಆ ದೂರಿನಿಂದಾಗಿ ಮರಣದ ಪ್ರಮಾಣ ಹೆಚ್ಚಿರಲಿಲ್ಲ.

ಚೆನ್ನೈನಿಂದ ಬಂದ ಅಂಕಿಗಳು

ಈ ಪುಸ್ತಕ ಬಂದ ಮೇಲೆ ನಮ್ಮ ನೆರೆಯಲ್ಲೇ ನಡೆದ ಒಂದು ಪ್ರಯೋಗ ಚರ್ಚೆಗೆ ಹೊಸ ಬೆಳಕು ನೀಡಿದೆ. ಚೆನ್ನೈ ನಗರದ ಕಡಿಮೆ ಆದಾಯದ 452 ವಯಸ್ಕರನ್ನು ದತ್ತಾಂಶ ನಮೂದಿಸುವ ಕೆಲಸಕ್ಕೆ ತೊಡಗಿಸಿ, ಅವರ ಕೈಗೆ ಚಲನಮಾಪಕ ಕಟ್ಟಿ, ಅರ್ಥಶಾಸ್ತ್ರಜ್ಞರ ತಂಡವೊಂದು ನಡೆಸಿದ ಈ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಇವರು ರಾತ್ರಿ ಸರಾಸರಿ ಎಂಟು ಗಂಟೆ ಹಾಸಿಗೆಯಲ್ಲಿರುತ್ತಿದ್ದರು. ನಿದ್ರಿಸುತ್ತಿದ್ದುದು ಐದೂವರೆ ಗಂಟೆ. ಸೆಕೆ, ಗದ್ದಲ, ಸೊಳ್ಳೆ, ಇಕ್ಕಟ್ಟುಗಳ ನಡುವೆ ನಿದ್ರೆ ಮತ್ತೆ ಮತ್ತೆ ತುಂಡಾಗುತ್ತಿತ್ತು. ಅವರಲ್ಲಿ ಕೆಲವರಿಗೆ ತಿಳಿವಳಿಕೆ, ಪ್ರೋತ್ಸಾಹ ಮತ್ತು ಮಲಗುವ ಸೌಕರ್ಯಗಳನ್ನು ಕೊಟ್ಟಾಗ ನಿದ್ರೆ 27 ನಿಮಿಷ ಹೆಚ್ಚಿತು. ಆದರೆ ಹಾಗೆ ಹೆಚ್ಚಿದ್ದು ಹಾಸಿಗೆಯಲ್ಲಿ ಇನ್ನೂ ಹೆಚ್ಚು ಹೊತ್ತು ಕಳೆದದ್ದರಿಂದ. ಕೆಲಸದ ಗುಣಮಟ್ಟ, ಚುರುಕುತನ, ನೆಮ್ಮದಿ ಯಾವುದರಲ್ಲೂ ಅಳೆಯಬಹುದಾದ ಬದಲಾವಣೆ ಕಾಣಲಿಲ್ಲ. ಮಧ್ಯಾಹ್ನ ಕೆಲಸದ ಜಾಗದಲ್ಲೇ ಸ್ವಲ್ಪ ಹೊತ್ತು ಮಲಗಲು ಅವಕಾಶ ಪಡೆದವರಲ್ಲಿ ಮಾತ್ರ ಸುಧಾರಣೆ ಕಂಡಿತು. ಮೂರು ವಾರಗಳ ಪ್ರಯೋಗದಿಂದ ಕೊನೆಯ ಮಾತು ಹೇಳಲಾಗದು. ಆದರೂ ನಿದ್ರೆಯ ಗಂಟೆಗಳನ್ನು ಮಾತ್ರ ಎಣಿಸಿ ನಿದ್ರೆಯ ಪ್ರಯೋಜನವನ್ನು ಅಳೆಯಲಾಗದು ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಕೆಪಾಸಿಟರ್ ಹೇಳುವ ಪಾಠ

ನಿದ್ರೆ ಬಾರದವನು ಎಂಟು ಗಂಟೆಯ ಗುರಿ ಹಿಡಿದರೆ ಏನು ಮಾಡುತ್ತಾನೆ? ಬೇಗ ಮಲಗುತ್ತಾನೆ, ತಡವಾಗಿ ಏಳುತ್ತಾನೆ, ಮಧ್ಯಾಹ್ನ ಸರಿದೂಗಿಸಲು ನೋಡುತ್ತಾನೆ. ಇದು ಏಕೆ ತಿರುಗುಬಾಣವಾಗುತ್ತದೆ ಎಂಬುದನ್ನು ಪುಸ್ತಕದ ಎರಡನೆಯ ಅಧ್ಯಾಯದಲ್ಲಿರುವ ವಿಚಾರದಿಂದಲೇ ಲೆಕ್ಕ ಹಾಕಿ ತೋರಿಸಬಹುದು.

ಗಡಿಯಾರ ಮತ್ತು ಒತ್ತಡ ಎಂಬ ಎರಡು ಪ್ರಕ್ರಿಯೆಗಳ ಮಾದರಿಯನ್ನು 1982ರಲ್ಲಿ ಮಂಡಿಸಿದವರು ಸ್ವಿಟ್ಜರ್ಲೆಂಡಿನ ಅಲೆಕ್ಸಾಂಡರ್ ಬೋರ್ಬೆಲಿ. 1984ರಲ್ಲಿ ಸೆರ್ಗ್ ಡಾನ್, ಡೊಮಿಯನ್ ಬೀರ್ಸ್ಮಾ ಮತ್ತು ಬೋರ್ಬೆಲಿ ಅದಕ್ಕೆ ಗಣಿತದ ರೂಪ ಕೊಟ್ಟರು. ಅದರಂತೆ ನಿದ್ರೆಯ ಒತ್ತಡ ರೋಧಕದ ಮೂಲಕ ವಿದ್ಯುತ್ ತುಂಬಿಕೊಳ್ಳುವ ಕೆಪಾಸಿಟರಿನಂತೆ ಏರುತ್ತದೆ, ನಿದ್ರೆಯಲ್ಲಿ ಬರಿದಾಗುತ್ತದೆ. ಏರಿಕೆಯ ಕಾಲ ಸ್ಥಿರಾಂಕ 18.2 ಗಂಟೆ, ಇಳಿತದ್ದು 4.2 ಗಂಟೆ. ತುಂಬುವುದು ನಿಧಾನ, ಬರಿದಾಗುವುದು ಬೇಗ.

ಲೆಕ್ಕ ಸುಲಭವಾಗಲೆಂದು ಬೆಳಿಗ್ಗೆ ಏಳುವಾಗ ಒತ್ತಡ ಸೊನ್ನೆ ಎಂದಿಟ್ಟುಕೊಳ್ಳೋಣ. ಬೆಳಿಗ್ಗೆ 6ಕ್ಕೆ ಎದ್ದು ರಾತ್ರಿ 11ಕ್ಕೆ ಮಲಗುವವನಲ್ಲಿ 17 ಗಂಟೆಗಳ ಎಚ್ಚರದ ಬಳಿಕ ಒತ್ತಡ ಗರಿಷ್ಠದ ಶೇಕಡ 61ರಷ್ಟು ಆಗಿರುತ್ತದೆ. ‘ಹೆಚ್ಚು ನಿದ್ರೆ ಸಿಗಲಿ’ ಎಂದು 7.30ಕ್ಕೆ ಎದ್ದು ರಾತ್ರಿ 9ಕ್ಕೇ ಮಲಗಿದರೆ ಅದು ಶೇಕಡ 52 ಮಾತ್ರ. ಮೊದಲನೆಯವನೇ ಮಧ್ಯಾಹ್ನ 3ರಿಂದ 4ರವರೆಗೆ ಒಂದು ಗಂಟೆ ನಿದ್ರಿಸಿದರೆ, ರಾತ್ರಿ 11ಕ್ಕೆ ಅವನಲ್ಲಿ ಉಳಿಯುವುದು ಶೇಕಡ 53. ಅಂದರೆ ಹಗಲಿನ ಒಂದು ಗಂಟೆಯ ನಿದ್ರೆ ರಾತ್ರಿಯ ಒತ್ತಡಕ್ಕೆ ಮಾಡುವ ನಷ್ಟ ಸರಿಸುಮಾರು ಮೂರು ಗಂಟೆಗಳಷ್ಟು ಕಡಿಮೆ ಎಚ್ಚರವಿದ್ದುದಕ್ಕೆ ಸಮ. ಚೆನ್ನಾಗಿ ನಿದ್ರಿಸುವವರಿಗೆ, ಚೆನ್ನೈಯ ಆ ಕೆಲಸಗಾರರಂತೆ ದಣಿದವರಿಗೆ ಇದು ತೊಂದರೆಯಾಗದಿರಬಹುದು. ರಾತ್ರಿ ನಿದ್ರೆ ಬಾರದವನಿಗೆ ಇದು ದುಬಾರಿ ಸಾಲ.

ಈ ತಪ್ಪನ್ನು ನಾನೇ ಮಾಡಿದ್ದೇನೆ, ಅದೂ ಯಾವ ಪುಸ್ತಕದ ಸಹಾಯವೂ ಇಲ್ಲದೆ. ರಾತ್ರಿ ಎರಡೂವರೆಗೆ ಎಚ್ಚರವಾಗಿ, ಬೀದಿಯ ಕೊನೆಯಲ್ಲಿ ಹಾಲಿನ ವ್ಯಾನು ಬರುವವರೆಗೂ ಹೊರಳಾಡುವುದು ಶುರುವಾದಾಗ, ರಾತ್ರಿ ಒಂಬತ್ತಕ್ಕೇ ಮಲಗಿ ಏಳೂವರೆಗೆ ಏಳತೊಡಗಿದೆ. ಹತ್ತೂವರೆ ಗಂಟೆ ಹಾಸಿಗೆಯಲ್ಲಿ. ನಿದ್ದೆ ಬರುತ್ತಿದ್ದುದು ಹೆಚ್ಚೆಂದರೆ ಆರು ಗಂಟೆ. ನಿದ್ರೆಯ ಹೊತ್ತನ್ನು ಹಾಸಿಗೆಯ ಹೊತ್ತಿನಿಂದ ಭಾಗಿಸಿದರೆ ಬರುವ ‘ನಿದ್ರಾ ದಕ್ಷತೆ’ ಶೇಕಡ 57. ಯಂತ್ರಗಳ ದಕ್ಷತೆಯನ್ನು ಮೂವತ್ತು ವರ್ಷ ಪಾಠ ಮಾಡಿದವನಿಗೆ ಈ ಸರಳ ಭಾಗಾಕಾರ ಹೊಳೆಯಲಿಲ್ಲ. ಒಬ್ಬ ಮನೋವೈದ್ಯರು ಹಾಳೆಯ ಮೇಲೆ ಬರೆಸಿ ತೋರಿಸಬೇಕಾಯಿತು.

ಚಿಕಿತ್ಸೆಯ ಲೆಕ್ಕ

ದೀರ್ಘಕಾಲದ ನಿದ್ರಾಹೀನತೆಗೆ ಇಂದು ಮೊದಲ ಚಿಕಿತ್ಸೆಯೆಂದು ಒಪ್ಪಿರುವುದು ಮಾತ್ರೆಗಳನ್ನಲ್ಲ, ಅರಿವು ಮತ್ತು ವರ್ತನೆಗಳನ್ನು ತಿದ್ದುವ ಕ್ರಮವನ್ನು. ಅಮೆರಿಕದ ವೈದ್ಯರ ಕಾಲೇಜು 2016ರಲ್ಲಿ ಹೀಗೆಯೇ ಶಿಫಾರಸು ಮಾಡಿತು. ಇದಕ್ಕೆ ಎರಡು ಮುಖ್ಯ ಕಂಬಗಳಿವೆ. ರಿಚರ್ಡ್ ಬೂಟ್ಸಿನ್ 1972ರಲ್ಲಿ ಸೂಚಿಸಿದ್ದು: ನಿದ್ರೆ ಬಂದಾಗ ಮಾತ್ರ ಮಲಗಬೇಕು; ಬಾರದಿದ್ದರೆ ಎದ್ದು ಬೇರೆ ಕೋಣೆಗೆ ಹೋಗಬೇಕು; ಎಷ್ಟೇ ಕಡಿಮೆ ನಿದ್ರೆಯಾಗಿದ್ದರೂ ಪ್ರತಿದಿನ ಒಂದೇ ಹೊತ್ತಿಗೆ ಏಳಬೇಕು. ಹಾಸಿಗೆ ಎಂದರೆ ಹೊರಳಾಟ ಎಂದು ಮಿದುಳು ಕಲಿತುಬಿಟ್ಟಿರುವ ನಂಟನ್ನು ಇದು ಬಿಡಿಸುತ್ತದೆ. ಆರ್ಥರ್ ಸ್ಪೀಲ್ಮನ್ ಮತ್ತು ಸಂಗಡಿಗರು 1987ರಲ್ಲಿ ಸೂಚಿಸಿದ್ದು: ಹಾಸಿಗೆಯ ಹೊತ್ತನ್ನು ನಿಜವಾಗಿ ಬರುತ್ತಿರುವ ನಿದ್ರೆಯಷ್ಟಕ್ಕೆ ಇಳಿಸಬೇಕು, ದಕ್ಷತೆ ಏರಿದ ಮೇಲೆ ಹದಿನೈದು ನಿಮಿಷದಂತೆ ನಿಧಾನವಾಗಿ ಹೆಚ್ಚಿಸಬೇಕು. ಕೆಪಾಸಿಟರನ್ನು ಪೂರ್ತಿ ತುಂಬಲು ಬಿಡುವುದು ಎಂದರೆ ಇದೇ.

ಫಲಿತಾಂಶವೇನು? 2015ರಲ್ಲಿ 20 ಪ್ರಯೋಗಗಳ 1162 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಮಲಗಿದ ಮೇಲೆ ನಿದ್ರೆ ಹತ್ತಲು ಬೇಕಾದ ಹೊತ್ತು ಸರಾಸರಿ 19 ನಿಮಿಷ ಕಡಿಮೆಯಾಯಿತು. ನಡುರಾತ್ರಿಯ ಎಚ್ಚರ 26 ನಿಮಿಷ ತಗ್ಗಿತು. ನಿದ್ರಾ ದಕ್ಷತೆ ಸುಮಾರು ಶೇಕಡ 10ರಷ್ಟು ಏರಿತು. ನಿದ್ರೆಯ ಒಟ್ಟು ಅವಧಿ ಹೆಚ್ಚಿದ್ದು 8 ನಿಮಿಷಕ್ಕಿಂತ ಕಡಿಮೆ!

ಈ ಕೊನೆಯ ಅಂಕಿಯನ್ನು ‘ಎಂಟು ಗಂಟೆ’ಯ ಪಕ್ಕದಲ್ಲಿಟ್ಟು ನೋಡಬೇಕು. ಗಂಟೆಗಳೇ ಅಳತೆಗೋಲು ಎನ್ನುವುದಾದರೆ, ನಮ್ಮಲ್ಲಿರುವ ಅತ್ಯುತ್ತಮ ಚಿಕಿತ್ಸೆ ಬಹುಮಟ್ಟಿಗೆ ವಿಫಲವೆನ್ನಬೇಕಾಗುತ್ತದೆ. ಆದರೆ ರೋಗಿಗಳು ಚೇತರಿಸಿಕೊಳ್ಳುತ್ತಾರೆ. ನನ್ನ ಅನುಭವವೂ ಅದೇ. ರಾತ್ರಿ ಹನ್ನೊಂದೂವರೆಯವರೆಗೆ ಎಚ್ಚರವಿದ್ದು ಐದೂವರೆಗೆ ಏಳುವ ಮೊದಲ ಹತ್ತು ದಿನ ಕಷ್ಟವಾಯಿತು. ಆ ದಿನಗಳಲ್ಲಿ ಸ್ಕೂಟರ್ ಮುಟ್ಟದೆ ಬಸ್ಸಿನಲ್ಲಿ ಓಡಾಡಿದೆ. ಎರಡು ತಿಂಗಳ ಬಳಿಕ ಹಾಸಿಗೆಯ ಹೊತ್ತು ಆರು ಮುಕ್ಕಾಲು ಗಂಟೆಗೆ ಬಂದು ನಿಂತಿತು, ನಿದ್ದೆ ಆರು ಗಂಟೆ ಹತ್ತು ನಿಮಿಷ. ನಿದ್ದೆ ಹೆಚ್ಚಿದ್ದು ಹತ್ತೇ ನಿಮಿಷ. ನಿದ್ದೆಗಾಗಿ ಕಾಯುವುದು ತಪ್ಪಿದ್ದು ಸುಮಾರು ನಾಲ್ಕು ಗಂಟೆ. ಹಗಲನ್ನು ಹಾಳುಮಾಡುತ್ತಿದ್ದುದು ಆ ಕಾಯುವಿಕೆ ಮತ್ತು ಅದರ ಭಯ ಎಂಬುದು ಆಮೇಲೆ ತಿಳಿಯಿತು.

ಈ ಕ್ರಮ ಎಲ್ಲರೂ ತಾವಾಗಿ ಮಾಡಿಕೊಳ್ಳುವಂಥದ್ದಲ್ಲ. ಮೂರ್ಛೆರೋಗ ಅಥವಾ ಉನ್ಮಾದ ಮತ್ತು ಖಿನ್ನತೆ ಸರದಿಯಲ್ಲಿ ಬರುವ ಕಾಯಿಲೆ ಇರುವವರಿಗೆ, ಬಸ್ಸು ಲಾರಿ ಓಡಿಸುವವರಿಗೆ ಇದರಿಂದ ಅಪಾಯವಾಗಬಹುದು. ಜೋರಾಗಿ ಗೊರಕೆ ಹೊಡೆಯುತ್ತ ನಡುನಡುವೆ ಉಸಿರು ಕಟ್ಟುವವರ ಸಮಸ್ಯೆಯೇ ಬೇರೆ. ಅದಕ್ಕೆ ಬೇರೆ ಪರೀಕ್ಷೆ, ಬೇರೆ ಚಿಕಿತ್ಸೆ. ವೈದ್ಯರನ್ನು ಕಂಡೇ ಮುಂದುವರಿಯಬೇಕು.

ವಾಕರ್ ಈ ಚಿಕಿತ್ಸೆಯನ್ನು ಮರೆತಿಲ್ಲ. ಹದಿನಾಲ್ಕನೆಯ ಅಧ್ಯಾಯದಲ್ಲಿ ನಿದ್ರಾ ಮಾತ್ರೆಗಳ ಮಿತಿಗಳನ್ನು ವಿವರಿಸಿ, ವರ್ತನೆಯ ಚಿಕಿತ್ಸೆಯೇ ಮೇಲು ಎನ್ನುತ್ತಾರೆ. ಹಾಸಿಗೆಯ ಹೊತ್ತನ್ನು ಕಡಿಮೆ ಮಾಡುವ ಉಪಾಯವನ್ನೂ ಹೇಳುತ್ತಾರೆ. ಅನುಬಂಧದಲ್ಲಿ ಅಮೆರಿಕದ ಆರೋಗ್ಯ ಸಂಸ್ಥೆಯ ಹನ್ನೆರಡು ಸೂಚನೆಗಳಿವೆ. ನಿದ್ರೆ ಬಾರದೆ ಹಾಸಿಗೆಯಲ್ಲಿ ಬಿದ್ದಿರಬೇಡಿ ಎಂಬುದು ಅವುಗಳಲ್ಲಿ ಕೊನೆಯದು. ತೊಂದರೆಯೆಂದರೆ, ಅಲ್ಲಿಯವರೆಗೆ ತಲುಪುವಷ್ಟರಲ್ಲಿ ಓದುಗ ಹದಿಮೂರು ಅಧ್ಯಾಯಗಳ ಭಯವನ್ನು ದಾಟಿರಬೇಕು. ಕ್ಯಾನ್ಸರ್, ಹೃದಯಾಘಾತ, ಮರೆವಿನ ಕಾಯಿಲೆಗಳ ಪಟ್ಟಿಯನ್ನು ಹೊತ್ತುಕೊಂಡು ಮಲಗುವವನಿಗೆ ‘ಈಗ ಆರೇ ಗಂಟೆ ಹಾಸಿಗೆಯಲ್ಲಿರು’ ಎಂದರೆ ಧೈರ್ಯ ಬರುವುದು ಹೇಗೆ? ಕೈಪಟ್ಟಿಯ ಅಂಕಿಗಳನ್ನು ಸರಿಪಡಿಸುವ ಹಟದಲ್ಲಿ ನಿದ್ರೆ ಕೆಡಿಸಿಕೊಂಡು ಬರುವ ರೋಗಿಗಳನ್ನು ಕಂಡ ಅಮೆರಿಕದ ನಿದ್ರಾ ತಜ್ಞರು 2017ರಲ್ಲಿ ಆ ಸ್ಥಿತಿಗೆ ‘ಆರ್ತೊಸೋಮ್ನಿಯಾ’ ಎಂದೇ ಹೆಸರಿಟ್ಟರು. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ನಮ್ಮ ಗಾದೆಯ ಇನ್ನೊಂದು ಮುಖ ಇದು: ನಿದ್ದೆಯೇ ಚಿಂತೆಯಾದರೆ ಹಂಸತೂಲಿಕಾತಲ್ಪವೂ ಸಂತೆಯೇ.

ಒಳ್ಳೆಯ ಉದ್ದೇಶ ಸಾಕೆ?

ವಿಜ್ಞಾನವನ್ನು ಜನರಿಗೆ ತಲುಪಿಸುವ ಕೆಲಸದಲ್ಲಿರುವ ನಮಗೆಲ್ಲ ಈ ಪುಸ್ತಕ ಒಂದು ಪ್ರಶ್ನೆ ಹಾಕುತ್ತದೆ. ಜನ ನಿದ್ರೆಯನ್ನು ಕಡೆಗಣಿಸುತ್ತಿದ್ದಾರೆ, ಅವರನ್ನು ಎಚ್ಚರಿಸಬೇಕು. ಸ್ವಲ್ಪ ಹೆಚ್ಚು ಹೇಳಿದರೆ ತಪ್ಪೇನು? ತಂಬಾಕಿನ ವಿಷಯದಲ್ಲಿ ಭಯ ಕೆಲಸ ಮಾಡಬಹುದು, ಏಕೆಂದರೆ ಹೆದರಿದವನು ಬೀಡಿಯನ್ನು ಬಿಸಾಡಬಲ್ಲ. ನಿದ್ರೆ ಹಾಗಲ್ಲ. ಅದು ಸಂಕಲ್ಪದಿಂದ ಬರುವುದಿಲ್ಲ, ಹೆದರಿಕೆಯಿಂದ ಇನ್ನೂ ದೂರ ಹೋಗುತ್ತದೆ. ಅವಕಾಶವಿದ್ದರೂ ಮಲಗದವನಿಗೂ, ಮಲಗಿದರೂ ನಿದ್ರೆ ಬಾರದವನಿಗೂ ಒಂದೇ ಔಷಧಿ ಬರೆಯಲಾಗದು. ಪುಸ್ತಕ ಮೊದಲನೆಯವನನ್ನು ಉದ್ದೇಶಿಸಿ ಬರೆದದ್ದು. ಅದನ್ನು ಕೊಂಡು ಓದುವವನು ಬಹಳ ಸಲ ಎರಡನೆಯವನು.

ಆದ್ದರಿಂದ ಪುಸ್ತಕವನ್ನು ಓದಬೇಡಿ ಎನ್ನುವುದಿಲ್ಲ. ರಾತ್ರಿ ಹತ್ತರ ಬಳಿಕವೂ ಕಚೇರಿಯ ಕೆಲಸ ಹಚ್ಚಿಕೊಂಡು ಕೂರುವವರು, ಮಕ್ಕಳ ನಿದ್ರೆ ಕಸಿಯುವ ಶಾಲೆ ಕಾಲೇಜುಗಳ ಆಡಳಿತದವರು ಅಗತ್ಯವಾಗಿ ಓದಲಿ, ಅಂಕಿಗಳನ್ನು ಮಾತ್ರ ಎಚ್ಚರದಿಂದ ತೆಗೆದುಕೊಳ್ಳಲಿ. ನಿದ್ರೆ ಬಾರದೆ ನರಳುವವರು ಎರಡನೆಯ ಮತ್ತು ಹದಿನಾಲ್ಕನೆಯ ಅಧ್ಯಾಯಗಳನ್ನು, ಅನುಬಂಧದ ಕೊನೆಯ ಸೂಚನೆಯನ್ನು ಹಗಲು ಹೊತ್ತಿನಲ್ಲಿ ಓದಿದರೆ ಸಾಕು. ಆಮೇಲೆ ಒಂದು ಹಾಳೆ ಮತ್ತು ಪೆನ್ಸಿಲ್ ತೆಗೆದುಕೊಂಡು ಎರಡು ವಾರ ಮೂರೇ ವಿವರ ಬರೆಯಲಿ: ಮಲಗಿದ್ದು ಎಷ್ಟಕ್ಕೆ, ಎದ್ದದ್ದು ಎಷ್ಟಕ್ಕೆ, ಅಂದಾಜು ನಿದ್ರೆ ಎಷ್ಟು. ರಾತ್ರಿ ಗಡಿಯಾರ ನೋಡದೆ, ಬೆಳಿಗ್ಗೆ ಎದ್ದ ಮೇಲೆ ಬರೆದರಾಯಿತು. ವೈದ್ಯರ ಬಳಿ ಹೋಗುವಾಗ ಆ ಹಾಳೆ ಕೈಯಲ್ಲಿರಲಿ.